ಬಿಚ್ಚಿ ಜೋಡಿಸುವ ಚಾಕುವಿನ ಹಿಡಿ: ಸ್ಕ್ರೂ ಬಿಗಿಯಾಗಿದ್ದರೂ ಅಲ್ಲಾಡುವುದೇಕೆ?

ಹಿಡಿ ಅಲ್ಲಾಡಿತೆಂದರೆ ಎಲ್ಲರ ಕೈಯೂ ಮೊದಲು ಸ್ಕ್ರೂಡ್ರೈವರಿನ ಕಡೆಗೆ ಹೋಗುತ್ತದೆ. ಇನ್ನಷ್ಟು ಬಿಗಿ ಮಾಡುತ್ತೇವೆ, ಎರಡು ದಿನ ಸರಿಯಿರುತ್ತದೆ, ಮೂರನೆಯ ದಿನ ಮತ್ತೆ ಅದೇ ಕಟಕಟ. ನಾಲ್ಕೈದು ಸಲ ಹೀಗಾದ ಮೇಲೆ ಸ್ಕ್ರೂವಿನ ತಲೆ ಸವೆದುಹೋಗಿರುತ್ತದೆ, ಇಲ್ಲವೇ ಮರ ಸೀಳಿರುತ್ತದೆ. ಮೂಲ ದೋಷ ಮಾತ್ರ ಹಾಗೇ ಉಳಿದಿರುತ್ತದೆ. ನಾನು ಬಿಚ್ಚಿ ನೋಡಿದ ಹಿಡಿಗಳಲ್ಲಿ ಹೆಚ್ಚಿನವುಗಳ ಸ್ಕ್ರೂ ಚೆನ್ನಾಗಿಯೇ ಇತ್ತು. ಅದರ ಉದ್ದ ತಪ್ಪಾಗಿತ್ತು, ಅಥವಾ ಅದಕ್ಕೆ ಜೊತೆಯಾಗಬೇಕಾದ ಪಿನ್ (ಹಿಡಿಯನ್ನೂ ಅಲಗಿನ ಉಕ್ಕನ್ನೂ ಅಡ್ಡ ಹಾದು ಜಾರದಂತೆ ತಡೆಯುವ ಸಣ್ಣ ಲೋಹದ ಕಡ್ಡಿ) ಇರಲಿಲ್ಲ.

ಇಲ್ಲಿ ಹೇಳುವುದೆಲ್ಲ ಫುಲ್ ಟ್ಯಾಂಗ್ ಚಾಕುಗಳ ವಿಷಯ. ಅಂದರೆ ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಚಾಚಿಕೊಂಡಿರುತ್ತದೆ, ಅದರ ಎರಡು ಬದಿಗೆ ಎರಡು ಪಟ್ಟಿಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಮಡಚುವ ಚಾಕುಗಳ ಕೀಲಿನ ಸಮಸ್ಯೆ ಬೇರೆಯೇ ಆದದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಕೈ ಹಾಕುವ ಮೊದಲು

ಅಲಗಿಗೆ ದಪ್ಪ ರಟ್ಟನ್ನು ಮಡಚಿ ಸುತ್ತಿ, ಅದರ ಮೇಲೆ ಟೇಪ್ ಹಾಕಿ. ಬರೀ ಟೇಪ್ ಸಾಲದು, ಹರಿತವಾದ ಅಂಚು ಅದನ್ನು ಸದ್ದಿಲ್ಲದೆ ಸೀಳಿಬಿಡುತ್ತದೆ. ಚಾಕುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸುವ ಅಭ್ಯಾಸ ಬೇಡ. ಬಿಟ್ (ಸ್ಕ್ರೂಡ್ರೈವರಿನ ತುದಿ) ಜಾರಿದರೆ ಅದು ಹೋಗಿ ನಾಟುವುದು ಹಿಡಿದಿರುವ ಅಂಗೈಗೆ. ಚಾಕುವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ, ಅಥವಾ ಎರಡು ಮರದ ತುಂಡುಗಳ ನಡುವೆ ಇಟ್ಟು ವೈಸ್‌ಗೆ ಕಚ್ಚಿಸಿ. ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆದುಕೊಂಡರೆ, ಯಾವ ಸ್ಕ್ರೂ ಯಾವ ರಂಧ್ರದ್ದು ಎಂದು ಆಮೇಲೆ ತಲೆ ಕೆರೆದುಕೊಳ್ಳಬೇಕಾಗುವುದಿಲ್ಲ.

ಸ್ಕ್ರೂ ಬಿಗಿಯಾಗಿದೆ, ಹಿಡಿ ಮಾತ್ರ ಅಲ್ಲಾಡುತ್ತದೆ

ಇದು ಅತಿ ಸಾಮಾನ್ಯ ದೋಷ, ಅತಿ ಹೆಚ್ಚು ದಾರಿ ತಪ್ಪಿಸುವ ದೋಷವೂ ಹೌದು. ಸ್ಕ್ರೂ ಇನ್ನು ಒಂದು ಎಳೆಯಷ್ಟೂ ತಿರುಗುವುದಿಲ್ಲ. ಆದರೂ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎನ್ನುತ್ತದೆ.

ಮೊದಲು ದುಡ್ಡಿಲ್ಲದ ಪರೀಕ್ಷೆ. ತೆಳುವಾದ ಕಾಗದದಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿ, ಸ್ಕ್ರೂವನ್ನು ಸಡಿಲಿಸಿ, ಕಾಗದದ ತುದಿಯನ್ನು ಸ್ಕ್ರೂವಿನ ತಲೆಯ ಕೆಳಗೆ ಸೇರಿಸಿ ಮತ್ತೆ ಬಿಗಿ ಮಾಡಿ. ಈಗ ಕಾಗದವನ್ನು ಎಳೆಯಿರಿ. ಹರಿದುಬಂದರೆ ತಲೆ ನಿಜವಾಗಿಯೂ ಪಟ್ಟಿಯನ್ನು ಒತ್ತುತ್ತಿದೆ. ಸಲೀಸಾಗಿ ಜಾರಿ ಬಂದರೆ ನಿಮ್ಮ ಕೈಗೆ ಸಿಕ್ಕ ಬಿಗಿ ಹಿಡಿಯದ್ದಲ್ಲ, ಒಳಗೆ ಲೋಹಕ್ಕೆ ಲೋಹ ತಾಗಿ ನಿಂತ ಬಿಗಿ.

ಹೀಗಾಗುವುದು ಹೇಗೆಂದರೆ, ಬಿಚ್ಚುವ ಹಿಡಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಚಿಕಾಗೊ ಸ್ಕ್ರೂ ಎಂಬ ಜೋಡಿ. ಒಂದು ಬದಿಯಿಂದ ಒಳಗೆ ಥ್ರೆಡ್ ಇರುವ ಕೊಳವೆಯಂಥ ನಟ್ ಬರುತ್ತದೆ, ಎದುರು ಬದಿಯಿಂದ ಅದರೊಳಕ್ಕೆ ಸ್ಕ್ರೂ ಹೋಗುತ್ತದೆ. ಎರಡಕ್ಕೂ ಅಗಲವಾದ ತಲೆ. ಕೊಳವೆ ಒಂದಿಷ್ಟು ಉದ್ದವಾಯಿತೋ, ಸ್ಕ್ರೂವಿನ ತಲೆ ಪಟ್ಟಿಯನ್ನು ಮುಟ್ಟುವ ಮೊದಲೇ ಕೊಳವೆಯ ಬಾಯಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಮುಂದೆ ಎಷ್ಟು ಬಲ ಹಾಕಿದರೂ ಅದು ಕೊಳವೆಯ ಮೇಲೆಯೇ ಹೊರತು ಹಿಡಿಯ ಮೇಲಲ್ಲ.

ಲೆಕ್ಕ ಹಾಕಿ ನೋಡಿ. ಪಟ್ಟಿಗಳು ತಲಾ 6 ಮಿ.ಮೀ., ನಡುವಿನ ಉಕ್ಕು 4 ಮಿ.ಮೀ., ಒಟ್ಟು 16. ತಲೆಗಳು ಒಳಗೆ ಕೂರಲೆಂದು ಪ್ರತಿ ಬದಿಯಲ್ಲಿ 2 ಮಿ.ಮೀ. ಆಳದ ಕುಳಿ ತೋಡಿದ್ದಾರೆ. ಹಾಗಾದರೆ ಒಂದು ತಲೆಯ ತಳದಿಂದ ಇನ್ನೊಂದು ತಲೆಯ ತಳಕ್ಕೆ ಇರುವ ದೂರ 12 ಮಿ.ಮೀ. ಕೊಳವೆ ಇದಕ್ಕಿಂತ ಕಡಿಮೆಯೇ ಇರಬೇಕು. 11 ಇದ್ದರೆ ಒಳ್ಳೆಯದು, 11.5 ಆದರೂ ನಡೆಯುತ್ತದೆ. ಸರಿಯಾಗಿ 12 ಇದ್ದರೆ ಇಂದು ಕೂರಬಹುದು, ಮರ ಕೂದಲೆಳೆಯಷ್ಟು ಕುಗ್ಗಿದ ದಿನ ಸಡಿಲವಾಗುತ್ತದೆ. ಅಂಗಡಿಯಲ್ಲಿ ಒಟ್ಟು ದಪ್ಪ ಹೇಳಿ 16 ಮಿ.ಮೀ.ನ ಜೋಡಿ ಕೊಂಡು ತರುವವರೇ ಹೆಚ್ಚು. ಕುಳಿಯ ಆಳ ಕಳೆಯುವುದು ನೆನಪಾಗುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಸ್ಕ್ರೂ ಬಿಚ್ಚಿ ಕೊಳವೆಯ ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಹೊಸದಾಗಿ ಉಜ್ಜಿದಂತೆ ಹೊಳೆಯುವ ಉಂಗುರ ಕಂಡರೆ ಸ್ಕ್ರೂವಿನ ತಲೆ ಅಲ್ಲಿಯೇ ಕೂತಿತ್ತು ಎಂದರ್ಥ. ನಂತರ ತಲೆಯ ಕೆಳಗೆ ಅರ್ಧ ಮಿ.ಮೀ. ದಪ್ಪದ ಒಂದು ವಾಷರ್ ಹಾಕಿ ಬಿಗಿ ಮಾಡಿ. ಅಲ್ಲಾಟ ನಿಂತಿತೇ? ರೋಗ ಸಿಕ್ಕಿತು. ವಾಷರನ್ನೇ ಖಾಯಂ ಉಳಿಸಿಕೊಂಡರೂ ತಪ್ಪಿಲ್ಲ. ಬೇಡವೆಂದರೆ ಕೊಳವೆಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಬಹುದು. ಹಾಗೆ ಉಜ್ಜುವಾಗ ಉದ್ದನೆಯ ಸ್ಕ್ರೂ ಒಂದನ್ನು ಕೊಳವೆಯೊಳಗೆ ತಿರುಗಿಸಿಟ್ಟುಕೊಂಡೇ ಉಜ್ಜಿ. ಆಮೇಲೆ ಅದನ್ನು ಹೊರಗೆ ತೆಗೆಯುವಾಗ ಬಾಯಿಯಲ್ಲಿ ಮಡಚಿಕೊಂಡ ಲೋಹದ ಚೂರನ್ನು ಅದೇ ಸರಿಪಡಿಸಿಕೊಂಡು ಬರುತ್ತದೆ.

ಕೊಳವೆಯ ಒಂದು ತುದಿ ಮುಚ್ಚಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ. ಸ್ಕ್ರೂವಿನ ಮೊನೆಯೇ ಒಳಗಿನ ತಳಕ್ಕೆ ತಾಗಿ ನಿಂತಿರುತ್ತದೆ. ಹಲ್ಲುಕಡ್ಡಿಯನ್ನು ಕೊಳವೆಗೆ ಇಳಿಸಿ ಆಳ ಗುರುತು ಹಾಕಿಕೊಂಡು, ಸ್ಕ್ರೂವಿನ ಉದ್ದದ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಕಾಗದ ಹರಿದು ಬಂದೂ ಹಿಡಿ ಅಲ್ಲಾಡುತ್ತಿದ್ದರೆ ಪಟ್ಟಿಯನ್ನು ಎತ್ತಿ ಅದರ ಕೆಳಭಾಗ ನೋಡಿ. ಒಣಗಿದ ಅಂಟಿನ ಒಂದು ಹನಿ, ತುಕ್ಕಿನ ಒಂದು ಪೊರೆ, ಮರಳಿನ ಒಂದು ಕಾಳು, ಇಷ್ಟೇ ಸಾಕು ಪಟ್ಟಿ ತಕ್ಕಡಿಯಂತೆ ತೂಗಲು. ಒರೆಸಿ. ಗಾಜಿನ ಮೇಲೆ ಮರಳು ಕಾಗದ ಹರಡಿ ಪಟ್ಟಿಯ ಕೆಳಮುಖವನ್ನು ಅದರ ಮೇಲೆ ಚಪ್ಪಟೆಯಾಗಿ ನಾಲ್ಕು ಸಲ ಎಳೆದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಗೀರು ಬೀಳುತ್ತದೆ. ಜಿ10 (ಗಾಜಿನ ನಾರು ಮತ್ತು ರಾಳದ ಗಟ್ಟಿ ಹಲಗೆ) ಅಥವಾ ಕಾರ್ಬನ್ ಫೈಬರ್ ಪಟ್ಟಿಯಾದರೆ ಒಣದಾಗಿ ಉಜ್ಜಲೇಬೇಡಿ. ಆ ಧೂಳಿನಲ್ಲಿ ಸೂಕ್ಷ್ಮ ನಾರುಗಳಿರುತ್ತವೆ, ಶ್ವಾಸಕೋಶಕ್ಕೆ ಹಾನಿ. ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

ಇಂದು ಬಿಗಿ ಮಾಡಿದರೆ ವಾರದಲ್ಲಿ ಮತ್ತೆ ಸಡಿಲ

ಇಲ್ಲಿ ಹೆಚ್ಚಿನವರು ಥ್ರೆಡ್ ಅಂಟಿನ (ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳದಂತೆ ಅದರ ಥ್ರೆಡ್‌ಗೆ ಹಚ್ಚುವ ಅಂಟು) ಸೀಸೆ ಹುಡುಕುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಸ್ಕ್ರೂ ತಾನಾಗಿ ಏಕೆ ಬಿಚ್ಚಿಕೊಳ್ಳುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು 1969ರಲ್ಲಿ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದೇನೆಂದರೆ, ಬೋಲ್ಟನ್ನು ಅದರ ಉದ್ದಕ್ಕೆ ಎಳೆದು ಬಿಡುವುದಕ್ಕಿಂತ, ಅದು ಹಿಡಿದಿರುವ ಎರಡು ಭಾಗಗಳು ಅಡ್ಡಡ್ಡ ಜಾರುವುದೇ ಅದನ್ನು ಬೇಗ ಸಡಿಲಿಸುತ್ತದೆ. ಚಾಕುವಿನ ಕೆಲಸವನ್ನು ನೆನೆಸಿಕೊಳ್ಳಿ. ಒತ್ತುತ್ತೇವೆ, ಎಳೆಯುತ್ತೇವೆ, ತಿರುಚುತ್ತೇವೆ. ಪ್ರತಿ ಸಲವೂ ಪಟ್ಟಿ ಉಕ್ಕಿನ ಮೇಲೆ ಅಡ್ಡಕ್ಕೆ ಜಾರಲು ನೋಡುತ್ತದೆ. ಸ್ಕ್ರೂವಿನ ಸುತ್ತ ರಂಧ್ರದಲ್ಲಿ ಒಂದಿಷ್ಟು ಜಾಗ ಬಿಟ್ಟೇ ಇರುತ್ತಾರೆ (ಎಂ4, ಅಂದರೆ 4 ಮಿ.ಮೀ. ವ್ಯಾಸದ ಮೆಟ್ರಿಕ್ ಸ್ಕ್ರೂ ಕೊಳವೆಯಿಲ್ಲದೆ ನೇರವಾಗಿ ಹಾಯುವಲ್ಲಿ ಸಾಮಾನ್ಯವಾಗಿ 4.5 ಮಿ.ಮೀ. ರಂಧ್ರ). ಆ ಅರ್ಧ ಮಿ.ಮೀ. ಜಾಗದಲ್ಲಿ ಪಟ್ಟಿ ಓಡಾಡುತ್ತದೆ, ಸ್ಕ್ರೂ ಹನಿಹನಿಯಾಗಿ ಬಿಚ್ಚಿಕೊಳ್ಳುತ್ತದೆ.

ಜಾರುವುದನ್ನು ತಡೆಯುವುದು ಪಿನ್ನಿನ ಕೆಲಸ. ಸ್ಕ್ರೂ ಇರುವುದು ಒತ್ತಿಹಿಡಿಯಲು ಮಾತ್ರ. ಈ ಎರಡು ಕೆಲಸಗಳನ್ನೂ ಒಂದೇ ಸ್ಕ್ರೂವಿನ ತಲೆಗೆ ಕಟ್ಟಿದ ಹಿಡಿ ಸಡಿಲವಾಗದೆ ಇದ್ದರೆ ಅದು ಅದೃಷ್ಟ. ನಾನು ಮಾಡಿದ ಮೊದಲ ಬಿಚ್ಚುವ ಹಿಡಿಗೂ ಎರಡು ಬೋಲ್ಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಅಚ್ಚುಕಟ್ಟಾಗಿ ಕಾಣುತ್ತದೆ ಎಂಬುದೊಂದೇ ಅದಕ್ಕೆ ಕಾರಣ. ತಿಂಗಳೊಳಗೆ ಬೋಲ್ಟಿನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಪರೀಕ್ಷೆ ಸುಲಭ. ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಪಟ್ಟಿಯನ್ನು ಹಿಡಿಯ ಉದ್ದಕ್ಕೆ ಹಿಂದೆ ಮುಂದೆ ತಳ್ಳಿ. ಕದಲದಿದ್ದರೆ ಪಿನ್‌ಗಳು ತಮ್ಮ ಕೆಲಸ ಮಾಡುತ್ತಿವೆ. ಕದಲಿದರೆ ಪಟ್ಟಿ ತೆಗೆದು ಪಿನ್ ಇದೆಯೇ, ಸವೆದಿದೆಯೇ ನೋಡಿ. ಸವೆದ ಪಿನ್ನಿನ ಜಾಗಕ್ಕೆ ರಂಧ್ರದಲ್ಲಿ ಹೆಬ್ಬೆರಳಿನ ಒತ್ತಡಕ್ಕೆ ಕೂರುವಂಥ ಹೊಸ ಪಿನ್ ಹಾಕಿ. ಅದನ್ನು ಒಂದು ಪಟ್ಟಿಗೆ ಅಂಟಿಸಿ ಇನ್ನೊಂದು ಬದಿಯನ್ನು ಹಾಗೇ ಬಿಟ್ಟರೆ ಬಿಚ್ಚುವ ಅನುಕೂಲ ಉಳಿಯುತ್ತದೆ. ಎರಡು ಪಿನ್‌ಗಳು ಒಂದಕ್ಕೊಂದು ದೂರವಿದ್ದಷ್ಟೂ ಒಳ್ಳೆಯದು.

ಪಿನ್ನಿಗೆ ಉಕ್ಕಿನಲ್ಲಿ ರಂಧ್ರವೇ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ಹದಗೊಳಿಸಿದ ಚಾಕುವಿನ ಉಕ್ಕನ್ನು ಮನೆಯ ಡ್ರಿಲ್ ಬಿಟ್ ಕೊರೆಯುವುದಿಲ್ಲ, ಅದರ ಮೇಲೆ ಕಿರುಚುತ್ತಾ ತಾನೇ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಕೊರೆಯುತ್ತದೆ, ಆದರೆ ಕೈ ಒಂದಿಷ್ಟು ಅಲುಗಿದರೂ ಮುರಿದು ಸಿಡಿಯುತ್ತದೆ. ಚಾಕು ಮಾಡುವವರ ಕೈಗೆ ಕೊಡಿ.

ಪಿನ್ ಸರಿಯಿದ್ದೂ ಸಡಿಲವಾಗುವುದು ಮರದ ಹಿಡಿಗಳಲ್ಲಿ. ಒಣ ಹವೆಯಲ್ಲಿ ಸಡಿಲ, ತೇವದ ದಿನಗಳಲ್ಲಿ ತಾನಾಗಿಯೇ ಬಿಗಿ ಎಂದಾದರೆ ಕಾರಣ ಹುಡುಕುತ್ತಾ ಹೋಗಬೇಕಿಲ್ಲ. ಮರ ತನ್ನ ಎಳೆಯ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಮೇಲಿನ ಲೆಕ್ಕದ ಹಿಡಿಯಲ್ಲಿ ತಲೆಗಳ ಕೆಳಗೆ ಒಟ್ಟು 8 ಮಿ.ಮೀ. ಮರವಿದೆ. ಅದು ಶೇ 1ರಷ್ಟು ಕುಗ್ಗಿತು ಎನ್ನೋಣ, ಅಂದರೆ 0.08 ಮಿ.ಮೀ. ಎಂ4 ಸ್ಕ್ರೂ ಒಂದು ಸುತ್ತಿಗೆ 0.7 ಮಿ.ಮೀ. ಇಳಿಯುತ್ತದೆ. ಹಾಗಾಗಿ ಸಡಿಲವನ್ನು ತುಂಬಲು ಸುಮಾರು ಒಂಬತ್ತನೇ ಒಂದು ಸುತ್ತು ಸಾಕು, ಗಡಿಯಾರದ ಮುಳ್ಳಿನಲ್ಲಿ ಒಂದು ಗಂಟೆಯ ಅಂತರಕ್ಕಿಂತ ತುಸು ಹೆಚ್ಚು. ಅಷ್ಟೇ ತಿರುಗಿಸಿ. ಅದಕ್ಕಿಂತ ಹೆಚ್ಚು ಬಿಗಿದು ಬಿಟ್ಟರೆ, ಮರ ಮತ್ತೆ ಉಬ್ಬಿದಾಗ ಹೋಗಲು ಜಾಗವಿಲ್ಲದೆ ಸ್ಕ್ರೂ ತಲೆಯ ಕೆಳಗೆ ಜಜ್ಜಿಹೋಗುತ್ತದೆ. ಜಜ್ಜಿದ ಮರ ಹಿಂದಿನಂತಾಗುವುದಿಲ್ಲ, ಮುಂದಿನ ಒಣ ದಿನಗಳಲ್ಲಿ ಸಡಿಲ ಇನ್ನೂ ಹೆಚ್ಚು.

ಸ್ಪ್ರಿಂಗ್ ವಾಷರ್ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಅಡ್ಡ ಜಾರುವಿಕೆಯ ಎದುರು ಅದು ಹೆಚ್ಚೇನೂ ಮಾಡುವುದಿಲ್ಲ, ಮೇಲಾಗಿ ತನ್ನ ಚೂಪು ತುದಿಯಿಂದ ಮರವನ್ನು ಕೆರೆಯುತ್ತದೆ. ಚಪ್ಪಟೆ ವಾಷರ್ ಅದಕ್ಕಿಂತ ಮೇಲು.

ಇಷ್ಟೆಲ್ಲ ಆದ ಮೇಲೆ ಥ್ರೆಡ್ ಅಂಟು. ಸಣ್ಣ ಸ್ಕ್ರೂಗಳಿಗೆ ನೇರಳೆ ಬಣ್ಣದ, ಕಡಿಮೆ ಬಲದ ಅಂಟು ಸಾಕು. ಎಂ5ಕ್ಕಿಂತ ದಪ್ಪವಿದ್ದರೆ ನೀಲಿ. ಕೆಂಪು ಬೇಡ, ಏಕೆಂಬುದು ಮುಂದೆ ಬರುತ್ತದೆ. ಥ್ರೆಡ್‌ನ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ತೆಗೆದು, ಒಂದೇ ಹನಿ ಹಾಕಿ, ಒಂದು ದಿನ ಮುಟ್ಟದೆ ಇಡಿ. ಈ ಅಂಟು ಗಾಳಿಯಿಲ್ಲದೆಡೆ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುವಂಥದ್ದು. ಸ್ಟೇನ್‌ಲೆಸ್ ಮೇಲೆ ಇದು ನಿಧಾನ. ಪಾಲಿಕಾರ್ಬೊನೇಟ್, ಎಬಿಎಸ್‌ನಂಥ ಪ್ಲಾಸ್ಟಿಕ್ ಹಿಡಿಗೆ ಸೋಕಿದರೆ ಬಿರುಕು ಬರಬಹುದು, ಅಲ್ಲಿ ಬಳಸಲೇಬೇಡಿ.

ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇದೆ

ಚಾಕುವನ್ನು ಮಗುಚಿ ಹಿಂಬದಿಯ ತಲೆಯನ್ನು ನೋಡಿ. ಅದೂ ಜೊತೆಗೆ ಸುತ್ತುತ್ತಿದ್ದರೆ ಕೊಳವೆ ರಂಧ್ರದಲ್ಲಿ ಜಾರುತ್ತಿದೆ, ಥ್ರೆಡ್‌ಗೆ ಏನೂ ಆಗಿಲ್ಲ. ಆ ತಲೆಯ ಮೇಲೆ ಪೆನ್ಸಿಲ್ ರಬ್ಬರನ್ನು ಗಟ್ಟಿಯಾಗಿ ಒತ್ತಿ ಹಿಡಿದು ಎದುರು ಬದಿಯಿಂದ ತಿರುಗಿಸಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ. ಪದೇ ಪದೇ ಹೀಗಾದರೆ ಎರಡೂ ತಲೆಗಳಲ್ಲಿ ಬಿಟ್ ಕೂರುವ ಜೋಡಿಗೆ ಬದಲಿಸಿ. ಕೊಳವೆಯ ಒಂದು ಮಗ್ಗುಲು ಚಪ್ಪಟೆಯಿದ್ದು, ರಂಧ್ರವೂ ಅದೇ ಆಕಾರದಲ್ಲಿದ್ದರೆ ಇನ್ನೂ ಒಳ್ಳೆಯದು.

ಹಿಂದಿನ ತಲೆ ಅಲುಗದೆ ಸ್ಕ್ರೂ ಮಾತ್ರ ಸುತ್ತುತ್ತಿದ್ದರೆ ಥ್ರೆಡ್ ಹೋಗಿದೆ. ಜೋಡಿಯನ್ನೇ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಥ್ರೆಡ್ ಏಕೆ ಹೋಯಿತು ಎಂಬುದನ್ನೂ ಅಳೆದು ನೋಡಿ. ಉಕ್ಕಿನಲ್ಲಿ ಸ್ಕ್ರೂ ತನ್ನ ವ್ಯಾಸದಷ್ಟಾದರೂ ಆಳಕ್ಕೆ ಇಳಿದಿರಬೇಕು. ಎಂ4 ಆದರೆ 4 ಮಿ.ಮೀ. ಹಿತ್ತಾಳೆಯಲ್ಲಿ ಅದರ ಒಂದೂವರೆಪಟ್ಟು, ಅಲ್ಯೂಮಿನಿಯಮ್‌ನಲ್ಲಿ ಎರಡು ಪಟ್ಟು.

ಎರಡು ಸುತ್ತು ಸಲೀಸು, ಆಮೇಲೆ ಬಿಗಿ

ಮೊದಲ ಅನುಮಾನ ಅಳತೆಯ ಮೇಲೆ ಬರಬೇಕು. ಎಂ4 ಸ್ಕ್ರೂವಿನ ವ್ಯಾಸ 4.0 ಮಿ.ಮೀ., ಥ್ರೆಡ್‌ನ ಅಂತರ 0.7. ಇಂಚಿನ ಅಳತೆಯ 8-32 ಸ್ಕ್ರೂವಿನ ವ್ಯಾಸ 4.17, ಅಂತರ 0.79. ಕಣ್ಣಿಗೆ ಅವಳಿ ಮಕ್ಕಳಂತೆ ಕಾಣುತ್ತವೆ, ಒಂದಕ್ಕೊಂದು ಎರಡು ಸುತ್ತು ಹೋಗಲೂ ಹೋಗುತ್ತವೆ. ಅಲ್ಲಿ ಬಲ ಹಾಕಿದರೆ ಎರಡೂ ಹಾಳು. ಗೊತ್ತಿರುವ ಒಂದು ಸ್ಕ್ರೂವನ್ನೂ ಅನುಮಾನದ ಸ್ಕ್ರೂವನ್ನೂ ಥ್ರೆಡ್‌ಗೆ ಥ್ರೆಡ್ ಒತ್ತಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಕಚ್ಚಿ ಕೂತರೆ ಒಂದೇ ಅಳತೆ, ನಡುವೆ ಬೆಳಕು ಇಣುಕಿದರೆ ಬೇರೆ.

ಅಳತೆ ಸರಿಯಿದ್ದು, ಎರಡೂ ಸ್ಟೇನ್‌ಲೆಸ್ ಆಗಿದ್ದು, ತಿರುಗಿಸುವಾಗ ಮರಳು ಅರೆದಂತೆ ಭಾಸವಾದರೆ ಆ ಕ್ಷಣವೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಸ್ಟೇನ್‌ಲೆಸ್ ಥ್ರೆಡ್‌ಗಳು ಒತ್ತಡದಲ್ಲಿ ಒಂದನ್ನೊಂದು ಕಚ್ಚಿ ಬೆಸುಗೆ ಹಾಕಿದಂತೆ ಸೇರಿಬಿಡುತ್ತವೆ. ಒಂದು ಹನಿ ಗ್ರೀಸ್ ಹಾಕಿ ನಿಧಾನವಾಗಿ ತಿರುಗಿಸಬೇಕು.

ಸ್ಕ್ರೂ ಬಿಚ್ಚುತ್ತಿಲ್ಲ, ತಲೆ ಸವೆಯುತ್ತಿದೆ

ಬಿಟ್ ಜಾರಿದ ಮೊದಲ ಸಲವೇ ಕೈ ತೆಗೆಯಿರಿ. ತಲೆಯ ಕುಳಿಯನ್ನು ಸೂಜಿಯಿಂದ ಕೆದಕಿ ಶುಚಿ ಮಾಡಿ. ಎಷ್ಟೋ ಸಲ ಬಿಟ್ ಪೂರ್ತಿ ಇಳಿಯದಿರುವುದು ಒಳಗೆ ಕೂತ ಜಿಡ್ಡಿನಿಂದ. ಆಮೇಲೆ ಬಿಟ್ ಸರಿಯೇ ನೋಡಿ. ನಕ್ಷತ್ರದಾಕಾರದ ಟಾರ್ಕ್ಸ್ ಕುಳಿಗೆ ಆರು ಮೂಲೆಯ ಅಲೆನ್ ಕೀ ತುರುಕುವುದು, 2.5 ಮಿ.ಮೀ. ಕುಳಿಗೆ 3/32 ಇಂಚಿನ ಕೀ (2.38 ಮಿ.ಮೀ.) ಹಾಕುವುದು, ಟಿ10 ಅಳತೆಯ ಟಾರ್ಕ್ಸ್ ಬಿಟ್ ಬೇಕಾದಲ್ಲಿ ಅದಕ್ಕಿಂತ ಸಣ್ಣ ಟಿ8 ಬಳಸುವುದು, ತಲೆ ಸವೆಯುವುದು ಹೆಚ್ಚಾಗಿ ಇವುಗಳಿಂದಲೇ.

ಸರಿಯಾದ ಬಿಟ್‌ಗೂ ಬಗ್ಗದಿದ್ದರೆ ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂವಿನ ತಲೆಗೆ ಮಾತ್ರ ಒತ್ತಿ ಹಿಡಿದು, ಬೆಚ್ಚಗಿರುವಾಗಲೇ ತಿರುಗಿಸಿ. ನೇರಳೆ, ನೀಲಿ ಅಂಟುಗಳು ಸಾಮಾನ್ಯವಾಗಿ ಇಷ್ಟಕ್ಕೆ ಸೋಲುತ್ತವೆ. ಕೆಂಪು ಅಂಟು ಮೆತ್ತಗಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಅನೇಕ ಚಾಕುಗಳ ಉಕ್ಕನ್ನು ಹದಗೊಳಿಸುವಾಗ ಕೊನೆಯಲ್ಲಿ ಬಿಸಿ ಮಾಡಿರುವುದೇ 150ರಿಂದ 250 ಡಿಗ್ರಿಯೊಳಗೆ. ಗ್ಯಾಸ್ ಟಾರ್ಚ್ ಹಿಡಿದರೆ ಸ್ಕ್ರೂ ಬರಬಹುದು, ಜೊತೆಗೆ ಅಲಗಿನ ಗಡಸುತನವೂ ಹೊರಟುಹೋಗುತ್ತದೆ, ಹಿಡಿ ಸುಟ್ಟು ಕೆಟ್ಟ ಹೊಗೆಯೂ ಏಳುತ್ತದೆ. ಟಾರ್ಚ್ ಬೇಕೆನಿಸಿದ ಘಳಿಗೆಯೇ ಬಲ್ಲವರ ಬಳಿ ಹೋಗಬೇಕಾದ ಘಳಿಗೆ.

ಇನ್ನೊಂದು ಮಾತು. ತಲೆಯಲ್ಲಿ ಯಾವ ಗೀರೂ ಕುಳಿಯೂ ಇಲ್ಲದೆ, ಹಿಡಿಯ ಮಟ್ಟಕ್ಕೆ ನುಣ್ಣಗೆ ಉಜ್ಜಿದ ದುಂಡು ಲೋಹ ಕಂಡರೆ ಅದು ಕಾರ್ಬಿ ಬೋಲ್ಟ್ (ಬಿಗಿದ ಮೇಲೆ ತಲೆಯನ್ನು ಉಜ್ಜಿ ಸಮ ಮಾಡುವ ಜೋಡಿ ಬೋಲ್ಟ್) ಅಥವಾ ರಿವೆಟ್ ಆಗಿರಬಹುದು. ಅಂಥ ಹಿಡಿಗಳನ್ನು ಸಾಮಾನ್ಯವಾಗಿ ಅಂಟು ಹಾಕಿ ಖಾಯಂ ಕೂರಿಸಿರುತ್ತಾರೆ. ಅವು ಬಿಚ್ಚಲು ಮಾಡಿದವಲ್ಲ.

ರಂಧ್ರದಿಂದ ಸೀಳು ಹೊರಟಿದೆ

ಸೀಳು ಮರದ ಎಳೆಯ ದಿಕ್ಕಿನಲ್ಲಿದ್ದು, ಸ್ಕ್ರೂವಿನ ತಲೆ ಕೆಳಗೆ ಇಳಿಜಾರಾಗಿದ್ದರೆ ಅಪರಾಧಿ ಆ ತಲೆಯೇ. ಇಳಿಜಾರು ತಲೆ ಮರದಲ್ಲಿ ಬೆಣೆಯಂತೆ ಕೆಲಸ ಮಾಡುತ್ತದೆ, ಬಿಗಿ ಮಾಡಿದಷ್ಟೂ ಪಕ್ಕಕ್ಕೆ ತಳ್ಳುತ್ತದೆ. ಮರಕ್ಕೆ ಕೆಳಗೆ ಚಪ್ಪಟೆಯಿರುವ ತಲೆ ಬೇಕು. ಗುಂಡಗಿನ ಬಟನ್ ತಲೆ ಅಂಥದ್ದು. ಎಂ4 ಆದರೆ ಅದರ ತಲೆ 7.6 ಮಿ.ಮೀ. ಅಗಲ, 8 ಮಿ.ಮೀ. ಕುಳಿಯಲ್ಲಿ ಚೆನ್ನಾಗಿ ಕೂರುತ್ತದೆ. ಇಳಿಜಾರು ತಲೆ ಜಿ10ರಂಥ ಗಟ್ಟಿ ಪಟ್ಟಿಗೆ ನಡೆಯುತ್ತದೆ. ಆದರೆ ಮೆಟ್ರಿಕ್ ಸ್ಕ್ರೂಗಳ ಇಳಿಜಾರು 90 ಡಿಗ್ರಿ, ಅಮೆರಿಕದ ಇಂಚಿನ ಸ್ಕ್ರೂಗಳದ್ದು 82. ಕುಳಿ ಒಂದು, ತಲೆ ಇನ್ನೊಂದು ಆದರೆ ಅಂಚು ಮಾತ್ರ ತಾಗಿ ಅಲ್ಲಿಯೇ ಒಡೆಯುತ್ತದೆ.

ಸಣ್ಣ ಸೀಳಿಗೆ ತೆಳುವಾದ ಅಂಟು ಇಳಿಸಿ ಕ್ಲಾಂಪ್ ಹಾಕಬಹುದು. ಸೀಳು ಪಟ್ಟಿಯ ಅಂಚಿಗೆ ತಲುಪಿದ್ದರೆ ಪಟ್ಟಿ ಬದಲಿಸಿ. ಸೀಳು ಇರುವುದು ಉಕ್ಕಿನಲ್ಲಾದರೆ, ಅದು ರಂಧ್ರದಿಂದ ಹೊರಟ ಕೂದಲೆಳೆಯ ಗೆರೆಯೇ ಆದರೂ, ಆ ಚಾಕುವನ್ನು ಮತ್ತೆ ಬಳಸಬೇಡಿ. ಬಲ ಹಾಕಿದಾಗ ಅದು ಕೈಯಲ್ಲೇ ಮುರಿಯುತ್ತದೆ.

ಪಟ್ಟಿ ಮತ್ತು ಉಕ್ಕಿನ ನಡುವೆ ಕಪ್ಪು ಗೆರೆ

ನೀರು ಒಳಗೆ ಸೇರಿ ಹೊರಗೆ ಬಾರದೆ ಕೂತಿದೆ. ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಉಕ್ಕಿನ ಮೇಲೆ ಎಣ್ಣೆಯ ತೆಳು ಪೊರೆ ಹಚ್ಚಿ ಜೋಡಿಸಿ. ತುಕ್ಕು ಸ್ಕ್ರೂವಿನ ಸುತ್ತಲೇ ಹೆಚ್ಚಿದ್ದರೆ ಲೋಹಗಳ ಜೋಡಿ ನೋಡಿ. ಕಾರ್ಬನ್ ಉಕ್ಕಿಗೆ ಹಿತ್ತಾಳೆ ತಾಗಿದ್ದು ನಡುವೆ ತೇವವಿದ್ದರೆ ತುಕ್ಕು ತಿನ್ನುವುದು ಉಕ್ಕನ್ನು. ಒಣಗಿಸಿಡುವ ಶಿಸ್ತು ಇದ್ದವರಿಗೆ ಹಿತ್ತಾಳೆ ಚೆಂದ. ಉಪ್ಪುನೀರಿನ ಕೆಲಸವಿದ್ದರೆ ಎ4 ಗುರುತಿನ, ಅಂದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕುವುದು ಮೇಲು.

ಹೊಸ ಸ್ಕ್ರೂ ಹಾಕಿದ ಮೇಲೆ

ಅಲೆನ್ ಕೀಯ ಗಿಡ್ಡ ಕೈಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದಷ್ಟು ಬಿಗಿ ಸಾಕು. ನಂತರ ತಲೆಯಿಂದ ಪಟ್ಟಿಯವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದು ವಾರ ಕಾಲ ಬಳಸಿ. ಹಿಡಿ ಸಡಿಲವಾಗಿದ್ದು ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ, ಪಿನ್ ನೋಡಿ. ಹಿಡಿ ಸಡಿಲವಾಗಿದ್ದು ಗೆರೆ ನೆಟ್ಟಗೇ ಇದ್ದರೆ ಸ್ಕ್ರೂ ಕದಲಿಲ್ಲ, ಪಟ್ಟಿ ಕುಗ್ಗಿದೆ. ವರ್ನಿಯರ್ ತೆಗೆದುಕೊಂಡು ಕೊಳವೆಯ ಉದ್ದವನ್ನು ಮತ್ತೊಮ್ಮೆ ಅಳೆಯಿರಿ.